ಮೇಲುಕೆಳಗಿನ ದಿನದ ಯಜಮಾನಿ

ನಮ್ಮ ಲಾಂಡ್ರಿಯ ಚಿಕ್ಕ ಮೇಡಂ ತುಂಬ ಒಳ್ಳೆಯವರು ಅಂತ ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೈಯುವವರ ಕೈಕೆಳಗೆ ಹೇಗಾದರೂ ಬದುಕಬಹುದು. ಅವರಪ್ಪ, ದೊಡ್ಡ ಯಜಮಾನರು, ಬಾಯಿಗೆ ಬಂದ ಹಾಗೆ ಬೈದು ಸಂಜೆಯ ಹೊತ್ತಿಗೆ ಮರೆತುಬಿಡುತ್ತಿದ್ದರು. ಮಗಳು ಹಾಗಲ್ಲ. ಅವರ ಬಾಯಲ್ಲಿ ಒಂದು ಕೆಟ್ಟ ಮಾತು ಬರುವುದಿಲ್ಲ. ಭುಜದ ಮೇಲೆ ಕೈ ಹಾಕುತ್ತಾರೆ, ಅಕ್ಕ ಅನ್ನುತ್ತಾರೆ, ಅಜ್ಜಿ ಅನ್ನುತ್ತಾರೆ, ಕಾಲ ಕೆಳಗಿನ ನೆಲ ಯಾವಾಗ ಜಾರಿತು ಅನ್ನುವುದೇ ನಮಗೆ ಗೊತ್ತಾಗುವುದಿಲ್ಲ.

ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ನಮ್ಮಲ್ಲಿಗೆ ಬರುತ್ತದೆ. ನಾನು ರೋಲರಿನವಳು. ಒದ್ದೆ ಚಾದರವನ್ನು ಬಿಸಿ ಉರುಳೆಯ ಬಾಯಿಗೆ ಕೊಡುವುದು ನನ್ನ ಕೆಲಸ. ಆಚೆ ಕಡೆಯಿಂದ ಬಂದ ಚಾದರವನ್ನು ಇಬ್ಬರು ಹಿಡಿದು ಮಡಿಸುತ್ತಿದ್ದರು: ಒಂದು ತುದಿಯಲ್ಲಿ ಉದ್ದಕ್ಕ, ಇನ್ನೊಂದು ತುದಿಯಲ್ಲಿ ಸೊಸೆ. ಉದ್ದಕ್ಕನಿಗೆ ಆ ಹೆಸರು ಬಂದದ್ದು ಎತ್ತರದಿಂದ. ಸೊಸೆ ಎಲ್ಲರಿಗೂ ಸೊಸೆಯಾದದ್ದು ಅತ್ತೆಯಿಂದ. ಅತ್ತೆ ಕೂಡ ಅಲ್ಲೇ ಕೆಲಸಕ್ಕಿದ್ದಳು, ಬಾಗಿಲ ಬಳಿ ಕೊಳೆ ಬಟ್ಟೆಯ ಗುಡ್ಡೆಯ ಮುಂದೆ ಕೂತು ರಕ್ತದ್ದು ಬೇರೆ, ಎಣ್ಣೆಯದ್ದು ಬೇರೆ ಅಂತ ಆರಿಸುವವಳು. ನಾವು ಅವಳನ್ನು ಗುಡ್ಡೆ ಅಜ್ಜಿ ಅನ್ನುತ್ತಿದ್ದೆವು. ಆ ಕೆಲಸ ಬೇರೆ ಯಾರಿಗೂ ಬೇಕಿರಲಿಲ್ಲ.

ಅಜ್ಜಿಯ ನಾಲಗೆ ಅಂದರೆ ನಾಲಗೆ! ಸೊಸೆ ನಡೆದರೆ ತಪ್ಪು, ಕೂತರೆ ತಪ್ಪು, ಅವಳ ಪುಟ್ಟ ಮಗಳ ಜಡೆ ಬಿಗಿಯಾದರೆ ತಪ್ಪು, ಸಡಿಲವಾದರೆ ತಪ್ಪು. ವಾಷಿಂಗ್ ಮೆಷಿನ್ನುಗಳ ಸದ್ದನ್ನೂ ಮೀರಿ ಆ ದೂರು ರೋಲರಿನ ತನಕ ಕೇಳಿಸುತ್ತಿತ್ತು. ಅಜ್ಜಿಯ ಮಗ ಯಾವಳನ್ನೋ ಕಟ್ಟಿಕೊಂಡು ಊರು ಬಿಟ್ಟು ಹೋದಾಗ ಸೊಸೆ ತವರಿಗೆ ಹೋಗಬಹುದಿತ್ತು. ಹೋಗಲಿಲ್ಲ. ಮುದುಕಿಯನ್ನೂ ಮಗುವನ್ನೂ ಕಟ್ಟಿಕೊಂಡು ಈ ಕೆಲಸ ಹಿಡಿದಳು. ಮಡಿಸುವ ಕೆಲಸದವರಿಗೆ ಅಂತ ಬಾಯ್ಲರಿನ ಹಿಂದೆ ಒಂದು ಕೋಣೆಯಿತ್ತು. ಉದ್ದಕ್ಕನಿಗೆ ಸ್ವಂತ ಮನೆ ಇದ್ದುದರಿಂದ ಅದು ಸೊಸೆಗೆ ಸಿಕ್ಕಿತು. ಕೆಲಸ ಇದ್ದಷ್ಟು ದಿನ ಕೋಣೆ. ಮೂವರೂ ಅಲ್ಲೇ ಇದ್ದರು. ಇಷ್ಟಾದರೂ ಮುದುಕಿಯ ಬಾಯಿಂದ ಒಂದು ಒಳ್ಳೆಯ ಮಾತು ಬಂದದ್ದನ್ನು ನಾನಂತೂ ಕೇಳಿಲ್ಲ.

ನವೆಂಬರಿನಲ್ಲಿ ಮಡಿಸುವ ಮೆಷಿನ್ ಬಂತು. ಅದಕ್ಕೆ ಒಬ್ಬರು ಸಾಕು. ಇಬ್ಬರಲ್ಲಿ ಒಬ್ಬರು ಹೋಗಬೇಕು ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಯಾರು ಅಂತ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಉದ್ದಕ್ಕನ ಗಂಡ ಸೊಂಟ ಮುರಿದುಕೊಂಡು ಮಲಗಿದ್ದ. ಸೊಸೆಗೆ ಕೆಲಸ ಹೋದರೆ ತಲೆಯ ಮೇಲಿನ ಸೂರೂ ಹೋಗುತ್ತಿತ್ತು. ಮೆಷಿನ್ ಇನ್ನೂ ಶುರುವಾಗಿರಲಿಲ್ಲ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಚಾದರ ಮಡಿಸುತ್ತಿದ್ದರು.

ಆಗಲೇ ಚಿಕ್ಕ ಮೇಡಂಗೆ ಹಬ್ಬದ ಹುಚ್ಚು ಹತ್ತಿತು. ನವೆಂಬರಿನ ಕೊನೆಯಲ್ಲಿ ದಿನಕ್ಕೊಂದು ತಮಾಷೆಯ ಹಬ್ಬ ಇರುತ್ತದಂತೆ. ಸರಕಾರದ್ದಲ್ಲ, ದೇವರದ್ದಲ್ಲ, ರಜೆಯಂತೂ ಇಲ್ಲವೇ ಇಲ್ಲ. ಫೋನಿನಲ್ಲಿ ಎಲ್ಲೋ ನೋಡಿದ್ದರು. "ಎಲ್ಲರ ಮುಖಾನೂ ಬಾಡಿಹೋಗಿದೆ ಅಕ್ಕ, ಸ್ವಲ್ಪ ಖುಷಿ ಇರ್ಲಿ" ಅಂದರು. ಮುಖ ಯಾಕೆ ಬಾಡಿದೆ ಅಂತ ಅವರಿಗೆ ಗೊತ್ತಿರಲಿಲ್ಲವೇ? ಒಂಟಿ ಕಾಲುಚೀಲದ ದಿನ ಅಂತ ಮಾಡಿದರು, ಜೋಡಿ ಕಳೆದುಕೊಂಡ ಚೀಲಗಳು ಚಾದರದೊಳಗೆ ಸಿಕ್ಕಿಕೊಂಡು ಬಂದು ಲಾಂಡ್ರಿಯಲ್ಲಿ ರಾಶಿ ಇರುತ್ತವಲ್ಲ, ಎಲ್ಲರೂ ಎರಡು ಬಣ್ಣದ್ದು ಹಾಕಿಕೊಂಡು ಓಡಾಡಿದೆವು. ಪಿಸುಮಾತಿನ ದಿನ ಅಂತ ಮಾಡಿದರು, ಆ ಗದ್ದಲದಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ ಒಬ್ಬನ ಕೈ ರೋಲರಿಗೆ ಸಿಗುವುದು ಸ್ವಲ್ಪದರಲ್ಲಿ ತಪ್ಪಿತು. ನಿಜ ಹೇಳಬೇಕೆಂದರೆ ನಾವೂ ನಕ್ಕೆವು. ದಿನವಿಡೀ ಹಬೆಯಲ್ಲಿ ಬೇಯುವವರಿಗೆ ನಗುವುದಕ್ಕೆ ಏನು ಸಿಕ್ಕರೂ ಆದೀತು.

ಆಮೇಲೆ ಬಂದದ್ದು ಮೇಲುಕೆಳಗಿನ ದಿನ. ಆ ದಿನ ಹಾಳಾಗಿ ಹೋಗಲಿ.

ಬೆಳಿಗ್ಗೆ ಮೇಡಂ ಎಲ್ಲರನ್ನೂ ನಿಲ್ಲಿಸಿಕೊಂಡು ನಿಯಮ ಹೇಳಿದರು. ಇವತ್ತು ಎಲ್ಲವೂ ತಿರುಗುಮುರುಗು. ಬೇಡ ಅಂದರೆ ಬೇಕು, ಹೋಗಿ ಅಂದರೆ ಬನ್ನಿ, ಬೈದರೆ ಹೊಗಳಿದ ಹಾಗೆ. ನೇರವಾಗಿ ಮಾತಾಡಿ ಸಿಕ್ಕಿಬಿದ್ದವರು ಒಂಟಿ ಕಾಲಲ್ಲಿ ನಿಂತು ಹಾಡಬೇಕು. ಎಲ್ಲರಿಗಿಂತ ಕೆಳಗಿನ ಕೆಲಸದವರು ಇವತ್ತಿಗೆ ಯಜಮಾನರು.

"ಬನ್ನಿ ಅಜ್ಜಿ, ನನ್ನ ಕುರ್ಚೀಲಿ ಕೂತ್ಕೊಳ್ಳಿ!"

ಗುಡ್ಡೆ ಅಜ್ಜಿಯನ್ನು ಆ ತಿರುಗುವ ಕುರ್ಚಿಯ ಮೇಲೆ ಕೂರಿಸಿದರು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಮೇಡಂ ತಮ್ಮ ಕೋಟನ್ನೇ ಅವಳಿಗೆ ತೊಡಿಸಿ ಫೋಟೋ ತೆಗೆದರು. ಮುದುಕಿಗೆ ಆಟ ತಲೆಗೆ ಹತ್ತಲಿಲ್ಲ. "ಟೀ ಬೇಡ ತಾನೆ ಅಜ್ಜಿ?" ಅಂತ ಕೇಳಿದರು. "ಬೇಕು ಕಣಮ್ಮ, ಗಂಟಲು ಒಣಗಿದೆ" ಅಂದಳು. ಎಲ್ಲರೂ ಹೋ ಅಂತ ಕೂಗಿದರು. ಅವಳು ಗೋಡೆ ಹಿಡಿದುಕೊಂಡು ಒಂಟಿ ಕಾಲಲ್ಲಿ ನಿಂತು ಹಾಡಿದಳು, ಟೀ ಆರಿಹೋಯಿತು. ಮತ್ತೆ ಸಿಕ್ಕಿಬಿದ್ದಳು, ಮತ್ತೆ ಹಾಡಿದಳು. ಊಟದ ಹೊತ್ತಿಗೆ ಮೇಡಂ ಗಂಭೀರವಾಗಿ ಹೇಳಿದರು, "ಸಾಕು ಅಜ್ಜಿ, ನಿಜವಾಗ್ಲೂ ಆಟ ಮುಗೀತು. ಇಳೀರಿ." ಪಾಪ, ಅವಳು ನಿಟ್ಟುಸಿರು ಬಿಟ್ಟು ಕುರ್ಚಿಯಿಂದ ಇಳಿದಳು.

"ಅಯ್ಯೋ ಅಜ್ಜಿ! ಇವತ್ತು ಮುಗೀತು ಅಂದ್ರೆ ಮುಗಿದಿಲ್ಲ ಅಂತ! ನಿಜವಾಗ್ಲೂ ಅಂದ್ರೆ ಆಟಕ್ಕೆ ಅಂತ! ಎಷ್ಟು ಸಲ ಹೇಳ್ಬೇಕು ನಿಮಗೆ?"

ನಗು ಅಂದರೆ ನಗು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಜ್ಜಿಯ ಮುಖ ಕೆಂಪಾಗಿತ್ತು, ಕಾಲು ನಡುಗುತ್ತಿತ್ತು, ಆದರೂ ಹಾಡು ಮುಗಿಸಿಯೇ ಕೂತಳು. ಆಮೇಲೆ ಅವಳು ಒಮ್ಮೆಯೂ ತಪ್ಪಲಿಲ್ಲ. ಮೇಡಂ ತಟ್ಟೆ ತೋರಿಸಿ "ಹಸಿವಿಲ್ವಾ?" ಅಂದರೆ "ಹೊಟ್ಟೆ ಬಿರೀತಿದೆ" ಅಂತ ಹೇಳಿ ತಟ್ಟೆ ಎಳೆದುಕೊಂಡಳು. ಕಲಿಸಿದ್ದನ್ನು ಕಲಿತಳು, ಅಷ್ಟೆ.

ಸಂಜೆ, ಮೆಷಿನ್ನುಗಳು ನಿಂತ ಮೇಲೆ, ಮೇಡಂ ಉದ್ದಕ್ಕನನ್ನೂ ಸೊಸೆಯನ್ನೂ ಕುರ್ಚಿಯ ಎರಡು ಪಕ್ಕಕ್ಕೆ ನಿಲ್ಲಿಸಿದರು. ನಾವೆಲ್ಲ ಸುತ್ತ ನಿಂತಿದ್ದೆವು. ಮೇಡಂ ಕೈ ಜೋಡಿಸಿಕೊಂಡು, ಮಗುವಿಗೆ ಹೇಳುವ ಹಾಗೆ, ಮೆಲ್ಲಗೆ ಮಾತಾಡಿದರು.

"ಅಜ್ಜಿ, ಇವರಿಬ್ಬರಲ್ಲಿ ಒಬ್ಬರನ್ನ ನಾನು ಬಿಡಲೇಬೇಕು. ನನ್ನ ಕೈಲಿ ಆಗ್ತಿಲ್ಲ, ನಿದ್ದೆ ಬರ್ತಿಲ್ಲ. ಇವತ್ತು ಯಜಮಾನಿ ನೀವು. ನೀವೇ ಹೇಳಿ, ಯಾರು ಹೋಗ್ಬೇಕು? ಆಟ ಮುಗೀತು ಅಜ್ಜಿ. ನಿಜವಾಗ್ಲೂ ಕೇಳ್ತಿದೀನಿ."

ಅಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಈ ಸಲ ಮೋಸಹೋಗುವುದಿಲ್ಲ ಅನ್ನುವ ಒಂದು ಕಳ್ಳ ಜಾಣತನ ಅವಳ ಮುಖದಲ್ಲಿ ಬಂತು. ಉದ್ದಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ಸೊಸೆಯ ಕಡೆ ನೋಡಿ ಒಂದು ಕಣ್ಣು ಮಿಟುಕಿಸಿದಳು. ಅದನ್ನು ನಾನು ಕಂಡೆ. ಸೊಸೆ ತಲೆ ತಗ್ಗಿಸಿಕೊಂಡು ತನ್ನ ಚಪ್ಪಲಿ ನೋಡುತ್ತಿದ್ದಳು.

"ಇವಳು" ಅಂದಳು ಅಜ್ಜಿ, ಸೊಸೆಯ ಕಡೆ ಬೆರಳು ಚಾಚಿ. "ಇವಳು ಹೋಗ್ಲಿ. ಮೈಗಳ್ಳಿ. ಒಂದು ಕೆಲಸ ನೆಟ್ಟಗೆ ಬರಲ್ಲ. ಇವತ್ತೇ ಕಳಿಸಿ!"

ಯಾರೋ ಕಿಸಕ್ಕಂದರು, ಉಳಿದವರೂ ನಕ್ಕರು. ಅತ್ತೆ ಸೊಸೆ ಜಗಳ ಅಂತಲೋ, ಆಟ ಅಂತಲೋ. ಮೇಡಂ ಮಾತ್ರ ಕಣ್ಣು ಒರೆಸಿಕೊಂಡು ಅಜ್ಜಿಯನ್ನು ಅಪ್ಪಿಕೊಂಡರು. "ಸ್ವಂತ ಸೊಸೆ ಅಂತಾನೂ ನೋಡ್ಲಿಲ್ವಲ್ಲ ಅಜ್ಜಿ! ನ್ಯಾಯ ಅಂದ್ರೆ ಇದು." ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಗೆದ್ದೆ ಅಂದುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಆಫೀಸಿನವನು ಸೊಸೆಯನ್ನು ಕರೆದು ತಿಂಗಳ ಕೊನೆಗೆ ಲೆಕ್ಕ ಮುಗಿಯಿತು, ಕೋಣೆ ಖಾಲಿ ಮಾಡಬೇಕು ಅಂದ. ಗುಡ್ಡೆಯ ಮುಂದೆ ಕೂತಿದ್ದ ಅಜ್ಜಿಗೆ ಸುದ್ದಿ ಮುಟ್ಟಿದಾಗ ಅವಳ ಕೈಯಲ್ಲಿ ಯಾರದೋ ರಕ್ತದ ಚಾದರ ಇತ್ತು. ಅದನ್ನು ಹಿಡಿದುಕೊಂಡೇ ರೋಲರಿನ ತನಕ ಓಡಿ ಬಂದಳು.

"ಲೇ, ನಾನು ಉಲ್ಟಾ ಹೇಳಿದ್ದು ಕಣೇ! ಇವಳು ಹೋಗ್ಲಿ ಅಂದ್ರೆ ಇರ್ಲಿ ಅಂತ! ನಿನ್ನ ಉಳಿಸೋಕೆ ಅಲ್ವೇನೇ ನಾನು ಹೇಳಿದ್ದು?"

ಸೊಸೆ ಚಾದರದ ತುದಿ ಬಿಡಲಿಲ್ಲ. "ಆಟ ಮುಗೀತು ಅಂತ ಹೇಳಿದ್ರಲ್ಲ ಅತ್ತೆ ಅವರು. ಎಲ್ಲರ ಕಿವಿಗೂ ಬಿತ್ತು."

"ಮುಗೀತು ಅಂದ್ರೆ ಮುಗಿದಿಲ್ಲ ಅಂತ ಅವರೇ ಹೇಳ್ಕೊಟ್ಟಿದ್ದು!"

"ಮೈಗಳ್ಳಿ ಅಂದ್ರಲ್ಲ. ಅದೂ ಉಲ್ಟಾನಾ? ದಿನಾ ಮನೇಲಿ ಅನ್ನೋದೂ ಉಲ್ಟಾನಾ?"

ಮುದುಕಿ ಆ ರಕ್ತದ ಚಾದರವನ್ನು ಎದೆಗೆ ಒತ್ತಿಕೊಂಡಳು. ಏನಂತ ಹೇಳಿಯಾಳು? ಹುಟ್ಟಿದಾರಭ್ಯ ಬೈದುಕೊಂಡು ಬಂದವಳು ಒಂದೇ ಒಂದು ಸಲ ಮನಸ್ಸಿಟ್ಟು ಸೊಸೆಗೆ ಒಳ್ಳೆಯದು ಮಾಡಲು ಹೊರಟಿದ್ದಳು, ಅದೂ ಅದೇ ಬೈಗುಳದಲ್ಲಿ. "ಅಜ್ಜಿ ಕಣ್ಣು ಹೊಡೆದಿದ್ದು ನಾನು ನೋಡಿದೆ ಕಣೇ" ಅಂದೆ. "ನಾನು ನೋಡ್ಲಿಲ್ಲ ಅಕ್ಕ" ಅಂದಳು ಸೊಸೆ. ಅಷ್ಟೇ ಅಂದು ಇನ್ನೊಂದು ಚಾದರ ಎಳೆದುಕೊಂಡಳು.

ನನಗೆ ತಡೆಯಲಾಗಲಿಲ್ಲ. ಕೈ ಒರೆಸಿಕೊಂಡು ನೇರ ಮೇಡಂ ಕೋಣೆಗೆ ನುಗ್ಗಿದೆ. ಅಜ್ಜಿಗೆ ಅರ್ಥವಾಗಿರಲಿಲ್ಲ, ಆಟ ಅಂದುಕೊಂಡಿದ್ದಳು, ಇದು ಅನ್ಯಾಯ ಅಂತ ಏನೇನೋ ಒದರಿದೆ. ಅವರು ಪೂರ್ತಿ ಕೇಳಿಸಿಕೊಂಡರು. ನನ್ನನ್ನು ಕೂರಿಸಿ ನೀರು ಕೊಟ್ಟರು.

"ನೀವು ಹೇಳೋದು ಸರಿ ಇರಬಹುದು ಅಕ್ಕ. ಹಾಗಾದ್ರೆ ಸೊಸೆ ಇರ್ಲಿ. ಮತ್ತೆ ಯಾರು ಹೋಗ್ಬೇಕು, ನೀವು ಹೇಳಿ. ಉದ್ದಕ್ಕನಾ? ನೀವೇ ಹೋಗಿ ಅವರಿಗೆ ತಿಳಿಸ್ತೀರಾ? ಇಲ್ಲ, ಬೇರೆ ಯಾರಾದ್ರೂ ಬಿಟ್ಟು ಹೋಗೋಕೆ ತಯಾರಿದ್ರೆ ಅದೂ ಆಗತ್ತೆ. ನೀವು ಹೋಗ್ತೀರಾ?"

ನೀರಿನ ಲೋಟ ನನ್ನ ಕೈಯಲ್ಲೇ ಉಳಿಯಿತು. ಹೋಗುವುದಾ? ನಾನು ಎಲ್ಲಿಗೆ ಹೋಗಲಿ? ಲೋಟ ಮೇಜಿನ ಮೇಲಿಟ್ಟು ಎದ್ದು ಬಂದೆ. ಅವರು ಕೈ ತೊಳೆದುಕೊಂಡಿದ್ದು ಎಷ್ಟು ಚೆಂದ ನೋಡಿ, ಒಂದು ಹನಿ ಕೂಡ ಮೈಗೆ ಸಿಡಿಯಲಿಲ್ಲ. ಉದ್ದಕ್ಕನೂ ಎಲ್ಲ ಕೇಳಿಸಿಕೊಂಡಿದ್ದಳು, ಬಾಯಿಗೆ ಬೀಗ ಹಾಕಿಕೊಂಡು ಮೆಷಿನ್ನಿನ ಗುಂಡಿಗಳನ್ನು ಕಲಿಯುತ್ತಿದ್ದಳು. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಕಲಿಯುತ್ತಿದ್ದೆ.

ತಿಂಗಳ ಕೊನೆಯ ದಿನ ಬಂತು. ಅದಕ್ಕೂ ಹಬ್ಬ ಬಿಡಲಿಲ್ಲ ಪುಣ್ಯಾತ್ಮರು. ಧನ್ಯವಾದದ ದಿನವಂತೆ, ಒಬ್ಬೊಬ್ಬರೂ ಯಾರಿಗಾದರೂ ಥ್ಯಾಂಕ್ಸ್ ಹೇಳಬೇಕಂತೆ. ಬಲೂನು ಕಟ್ಟಿಸಿದ್ದರು. ಉದ್ದಕ್ಕನ ಸರದಿ ಬಂದಾಗ ಅವಳು ಗೊಳೋ ಅಂತ ಅತ್ತು ಗುಡ್ಡೆ ಅಜ್ಜಿಯ ಕಾಲು ಹಿಡಿದಳು. "ನಮ್ಮನೆ ಒಲೆ ಉರೀತಿರೋದು ನಿಮ್ಮಿಂದ ಅಜ್ಜಿ. ಹೆತ್ತ ತಾಯಿ ಹೀಗೆ ಮಾಡಲ್ಲ." ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಕಾಲು ಎಳೆದುಕೊಳ್ಳಲು ನೋಡಿದಳು, ಅವಳು ಬಿಡಲಿಲ್ಲ.

ಚಪ್ಪಾಳೆ ನಿಂತ ಮೇಲೆ ಮೇಡಂ ಮುಂದೆ ಬಂದು ಒಂದು ಬೀಗದ ಕೈ ಎತ್ತಿ ತೋರಿಸಿದರು.

"ಇಷ್ಟು ನ್ಯಾಯವಾಗಿ ನಡ್ಕೊಂಡ ನಮ್ಮ ಅಜ್ಜೀನ ಬೀದಿಗೆ ಬಿಡೋಕೆ ಆಗತ್ತಾ? ಬಾಯ್ಲರ್ ಹಿಂದಿನ ರೂಮು ಇನ್ಮೇಲೆ ಅಜ್ಜೀದೇ. ಅವರೊಬ್ಬರಿಗೇ, ಇರೋವರೆಗೂ!"

ಸೊಸೆ ಬಾಗಿಲಲ್ಲೇ ನಿಂತಿದ್ದಳು. ಲೆಕ್ಕದ ದುಡ್ಡು ತೆಗೆದುಕೊಂಡು ಹೊರಟವಳು, ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ಮಗಳು. ಅವಳ ಮುಖ ನೋಡಿದೆ. ಅಲ್ಲಿಯ ತನಕ ಅವಳ ಮನಸ್ಸಿನ ಮೂಲೆಯಲ್ಲಿ ಮುದುಕಿ ಉಲ್ಟಾ ಹೇಳಿದ್ದು ನಿಜವಿದ್ದರೂ ಇರಬಹುದು ಅಂತ ಒಂದು ಚೂರು ಇತ್ತೋ ಏನೋ. ಆ ಬೀಗದ ಕೈ ನೋಡಿದ ಮೇಲೆ ಅದೂ ಉಳಿಯಲಿಲ್ಲ. ಮಗಳನ್ನು ಎಳೆದುಕೊಂಡು ಗೇಟಿನ ಕಡೆ ನಡೆದಳು.

ಅಜ್ಜಿ ಬೀಗದ ಕೈ ಕಿತ್ತುಕೊಂಡು ಹಿಂದೆಯೇ ಓಡಿದಳು. ನಾನೂ ಹೋದೆ. ಗೇಟಿನ ಬಳಿ ಸೊಸೆಯ ಸೆರಗು ಹಿಡಿದು ನಿಲ್ಲಿಸಿ, ಏದುಸಿರು ಬಿಡುತ್ತ ಬೀಗದ ಕೈಯನ್ನು ಅವಳ ಕೈಗೆ ತುರುಕಿದಳು.

"ತಗೊಳ್ಳೇ, ನಿನ್ ದಮ್ಮಯ್ಯ. ನೀನಿರು ಇಲ್ಲಿ, ಮಗು ಜೊತೆ. ನಾನು ಎಲ್ಲಾದ್ರೂ ಬಿದ್ದಿರ್ತೀನಿ. ನೀನು ತುಂಬ ಒಳ್ಳೆಯವಳು ಕಣೇ. ನಿನ್ನಂಥವಳು ನನಗೆ ಸಿಕ್ಕಿದ್ದು ನನ್ನ ಪುಣ್ಯ."

ಸೊಸೆ ಅವಳ ಮುಖವನ್ನೇ ನೋಡಿದಳು. ಆ ಮಾತಿಗೆ ಅವಳು ಎಷ್ಟು ವರ್ಷ ಕಾದಿದ್ದಳೋ ನನಗೆ ಗೊತ್ತಿಲ್ಲ. ಮಗುವಿನ ಕೈ ಬಿಟ್ಟು, ಬೀಗದ ಕೈಯನ್ನು ಮುದುಕಿಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಇಟ್ಕೊಳ್ಳಿ ಅತ್ತೆ. ನನ್ನ ಮಾರಿ ಸಂಪಾದಿಸಿದ್ದು, ಹಾಳು ಮಾಡ್ಕೋಬೇಡಿ."

"ಅಜ್ಜೀ ಬಾ" ಅಂತ ಮಗು ಅಳತೊಡಗಿತು. ಸೊಸೆ ಅದನ್ನು ಎತ್ತಿಕೊಂಡು ರಸ್ತೆ ದಾಟಿದಳು. ಬಸ್ಸು ಬಂತು, ಹತ್ತಿದಳು, ಕಿಟಕಿಯಿಂದ ಮಗುವಿನ ಕೈ ಮಾತ್ರ ಕಂಡಿತು.

ಒಳಗಿನಿಂದ ಮೇಡಂ ಕೂಗಿದರು, "ಅಜ್ಜೀ, ಎಲ್ ಹೋದ್ರಿ? ಫೋಟೋಗೆ ಬನ್ನಿ, ನೀವಿಲ್ದೆ ಹೇಗೆ?" ಉದ್ದಕ್ಕ ಬಂದು ತೋಳು ಹಿಡಿದು ಅವಳನ್ನು ಒಳಗೆ ಕರೆದುಕೊಂಡು ಹೋದಳು. ಮುದುಕಿ ಹೋದಳು, ಬೇರೆ ಎಲ್ಲಿಗೆ ಹೋಗಬೇಕಿತ್ತು? ಆ ಫೋಟೋ ಈಗಲೂ ಆಫೀಸಿನ ಗೋಡೆಯ ಮೇಲಿದೆ. ಬಲೂನುಗಳ ಕೆಳಗೆ ನಾವೆಲ್ಲ ಇದ್ದೇವೆ, ನಾನೂ ಇದ್ದೇನೆ, ಮಧ್ಯದಲ್ಲಿ ಅಜ್ಜಿ ಮುಷ್ಟಿ ಬಿಗಿಹಿಡಿದು ನಿಂತಿದ್ದಾಳೆ. ನಗಿ ಅಂದರು, ನಕ್ಕಿದ್ದಾಳೆ.