ರಿಮ್ಮಾಳ ಕೈಮಾತು

ರಷ್ಯಾದ ನಮ್ಮೂರಿನ ಸರ್ಕಾರಿ ಟಿವಿಯಲ್ಲಿ ಸಂಜೆಯ ವಾರ್ತೆ ಬರುವಾಗ ಪರದೆಯ ಮೂಲೆಯಲ್ಲಿ ನಿಂತು, ಕಿವಿ ಕೇಳದವರಿಗೆ ಕೈಸನ್ನೆಯಲ್ಲಿ ಸುದ್ದಿ ಹೇಳುತ್ತಿದ್ದವಳು ರಿಮ್ಮಾ. ಅವಳ ಅಣ್ಣ ಗೆನ್ನಾದಿ ಹುಟ್ಟುಕಿವುಡ. ಪ್ಲೈವುಡ್ ಕಾರ್ಖಾನೆಯಿಂದ ಬಂದವನೇ ಸೂಪಿನ ಬಟ್ಟಲು ಹಿಡಿದು ಟಿವಿ ಮುಂದೆ ಕೂರುತ್ತಿದ್ದ. ಓದು ಅವನಿಗೆ ಒಗ್ಗಿರಲಿಲ್ಲ. ಲೋಕದ ಸುದ್ದಿಯೆಲ್ಲ ತಂಗಿಯ ಕೈಯಿಂದಲೇ ತಿಳಿಯಬೇಕು.

"ಮೂಲೇಲಿ ನಿಲ್ಸಿದಾರಲ್ಲೇ ನಿನ್ನ, ಏನ್ ತಂಟೆ ಮಾಡಿದ್ದೆ?" ಎಂದು ಸನ್ನೆಯಲ್ಲೇ ರೇಗಿಸುತ್ತಿದ್ದ.

ಉಕ್ರೇನಿನಲ್ಲಿ ಯುದ್ಧ ಶುರುವಾದಾಗ, ಅದನ್ನು ಯುದ್ಧ ಎನ್ನಬಾರದೆಂದು ಮೇಲಿನವರು ಹೇಳಿದರು. 'ವಿಶೇಷ ಕಾರ್ಯಾಚರಣೆ' ಎನ್ನಲು ರಿಮ್ಮಾ ಒಂದು ಹೊಸ ಸನ್ನೆ ಮಾಡಿಕೊಂಡಳು. ಊರಿನ ಕಿವುಡರೆಲ್ಲ ಅದನ್ನೇ ಕಲಿತರು.

ಮಾರ್ಚ್‌ನಲ್ಲಿ ಉಕ್ರೇನಿನ ಚೆರ್ನಿಹಿವ್‌ನಿಂದ ಚಿಕ್ಕಮ್ಮ ಹಾಲಿನಾಳ ಫೋನ್ ಬಂತು. "ಬಾಂಬ್ ಬಿದ್ದು ಮನೆ ಹೋಯ್ತು ಕಣೇ. ನಿಮ್ ಚಿಕ್ಕಪ್ಪನ್ನ ಅಂಗಳದಲ್ಲೇ ಮಣ್ಣು ಮಾಡಿದ್ವಿ. ಗೆನ್ನಾದಿಗೂ ಹೇಳು."

ರಿಮ್ಮಾ ಅಣ್ಣನ ಮನೆಗೆ ಓಡಿಹೋಗಿ ತಿಳಿಸಿದಳು.

"ಬಾಂಬ್ ಯಾರ್ದು?" ಎಂದು ಅವನು ಕೇಳಿದ.

"ನಮ್ದೇ."

"ನಮ್ಮೋರು ಮನೆ ಮುಟ್ಟಲ್ಲ ಅಂತ ನಿನ್ನೆ ನೀನೇ ಹೇಳಿದ್ಯಲ್ಲ?"

"ಅವ್ರು ಓದಿದ್ದಕ್ಕೆ ನಾನು ಕೈ ಆಡ್ಸಿದ್ದು, ಅಷ್ಟೇ."

"ಉಕ್ರೇನಿನೋರು ತಾವ್ ತಾವೇ ಬಾಂಬ್ ಹಾಕ್ಕೊಂಡು ನಮ್ ಮೇಲೆ ಹೇಳ್ತಾರೆ ಅಂತಾನೂ ನೀನೇ ಹೇಳ್ದೆ. ಚಿಕ್ಕಮ್ಮನ ತಲೆ ಕೆಡ್ಸಿದಾರೆ."

ಅವಳು ಮತ್ತೆ ಕೈ ಎತ್ತಿದಳು. ಗೆನ್ನಾದಿ ಕಣ್ಣು ಮುಚ್ಚಿಕೊಂಡ. ಅವನ ಮಣಿಕಟ್ಟು ಹಿಡಿದು ಅಲ್ಲಾಡಿಸಿದರೂ ತೆರೆಯಲಿಲ್ಲ. ಇನ್ನು ಅವನಿಗೆ ಏನನ್ನೂ ಹೇಳುವಂತಿರಲಿಲ್ಲ.

ಬೆನ್ನುನೋವೆಂದು ಹೇಳಿ ಅವಳು ಕೆಲಸ ಬಿಟ್ಟಳು. ಅವಳ ಜಾಗಕ್ಕೆ ಎಲಿನಾ ಎಂಬ ಹುಡುಗಿ ಬಂದಳು. ರಿಮ್ಮಾ ಊರಲ್ಲಿ ಯಾರ ಹತ್ತಿರವೂ ಬಾಯಿ ಬಿಡುವಂತಿರಲಿಲ್ಲ. ನೆರೆಯವರೂ ಟಿವಿಯ ಮಾತನ್ನೇ ಆಡುತ್ತಿದ್ದರು. ಒಮ್ಮೆ ಟ್ರಾಮ್ ನಿಲ್ದಾಣದಲ್ಲಿ ಇಬ್ಬರು ಕಿವುಡ ಹೆಂಗಸರು ತಾನು ಮಾಡಿದ 'ವಿಶೇಷ ಕಾರ್ಯಾಚರಣೆ'ಯ ಸನ್ನೆ ಬಳಸಿ ಹರಟುತ್ತಿದ್ದುದನ್ನು ಕಂಡು, ಟ್ರಾಮ್ ಹತ್ತದೆ ನಡೆದೇ ಮನೆಗೆ ಹೋದಳು.

ಭಾನುವಾರ ಅಣ್ಣನ ಮನೆಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಅವನು ಜಗಳವಾಡುತ್ತಿರಲಿಲ್ಲ. ಟೀ ಕೊಡುತ್ತಿದ್ದ, ಬೆನ್ನು ಹೇಗಿದೆ ಎಂದು ಕೇಳುತ್ತಿದ್ದ. ಚಿಕ್ಕಮ್ಮನ ಹೆಸರೆತ್ತಿದರೆ ಕಣ್ಣು ಮುಚ್ಚುತ್ತಿದ್ದ.

ಅಂಥ ಒಂದು ಸಂಜೆ ಟಿವಿಯಲ್ಲಿ ಎಲಿನಾಳ ಕೈ ತೀರಾ ವೇಗವಾಗಿ ಓಡಿತು. ಗೆನ್ನಾದಿ ತಂಗಿಯ ತೋಳು ಜಗ್ಗಿ, "ಏನಂದ್ಲು?" ಎಂದ.

ನಮ್ಮವರು ಹಿಡಿದ ಊರಿನಲ್ಲಿ ಜನ ಹಬ್ಬ ಮಾಡುತ್ತಿದ್ದಾರೆಂದು ವಾರ್ತೆ ಓದುವವನು ಹೇಳುತ್ತಿದ್ದ. ರಿಮ್ಮಾಳಿಗೆ ಸ್ಪಷ್ಟವಾಗಿ ಕೇಳಿಸಿತ್ತು.

"ಗೊತ್ತಾಗ್ಲಿಲ್ಲ," ಎಂದು ಸನ್ನೆ ಮಾಡಿದಳು.

"ನಿಂಗ್ ಕಿವಿ ಕೇಳ್ಸುತ್ತಲ್ಲೇ!"

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಅವಳನ್ನೇ ತುಸು ಹೊತ್ತು ನೋಡಿದ. ಟೀ ಜೊತೆಗಿಟ್ಟಿದ್ದ ಜಾಮಿನ ಬಟ್ಟಲನ್ನು ಅವಳತ್ತ ಸರಿಸಿ, ಮತ್ತೆ ಟಿವಿ ಕಡೆ ತಿರುಗಿದ.