ಯಾವ ರಾಮವ್ವ?

ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಗೂಳಪ್ಪನಿಗೆ ‘ಪುಸ್ತಕ ಗೆಳತಿಯರ ಬಳಗ’ದ ಮೇಲೆ ಮೊದಲ ದಿನದಿಂದಲೂ ಸಂಶಯ. ಪಗಾರವಿಲ್ಲದೆ, ಬಿಸಿಲಲ್ಲಿ ಪುಸ್ತಕ ಹೊತ್ತು ಮನೆಮನೆಗೆ ಕೊಟ್ಟು ಬರುವ ಪುಣ್ಯಾತ್ಮರು ಈ ಕಾಲದಲ್ಲಿ ಯಾರಿದ್ದಾರೆ? ಒಳಗೇನೋ ಮಸಲತ್ತು ಇದ್ದೇ ಇದೆ. ಒಂದು ಪುಸ್ತಕ ಹೋದರೂ ಮೇಲಿನವರು ಹಿಡಿಯುವುದು ತನ್ನ ಕುತ್ತಿಗೆಯನ್ನೇ.

ಕೊನೆಗೂ ಕಳ್ಳತನ ಸಿಕ್ಕಿಬಿತ್ತು. ಬಳಗದ ವಹಿಯಲ್ಲಿ ರಾಮವ್ವ ಎಂಬವಳ ಹೆಸರಿಗೆ ಆರು ಪುಸ್ತಕ. ಗಂಡನ ಹೆಸರಿನ ಜಾಗ ಖಾಲಿ.

“ಯಾವ ರಾಮವ್ವ ಇಕಿ?”

“ಹೇಳಬ್ಯಾಡ ಅಂತ ಆಣಿ ಮಾಡಿಸ್ಯಾರ್ರಿ ಕಾಕಾ,” ಎಂದಳು ಬಳಗದ ರೂಬಿನಾ, ನೆಲ ನೋಡುತ್ತ.

“ಇಲ್ಲದ ಹೆಣಮಗಳ ಹೆಸರಿಲೆ ಪುಸ್ತಕ ಹೊಡಕೊಂಡೀರಿ. ಸೋಮವಾರದಿಂದ ನಿಮ್ಮ ಬಳಗ ಬಂದ್!”

ಹುಡುಗಿ ಕಣ್ಣೊರೆಸಿಕೊಂಡಳೇ ಹೊರತು ಆಣೆ ಮುರಿಯಲಿಲ್ಲ.

ಗೂಳಪ್ಪ ವಹಿಯನ್ನು ಬಗಲಲ್ಲಿಟ್ಟುಕೊಂಡು ಊರು ತಿರುಗಿದ. ಎಣಿಸಿದರೆ ಊರಲ್ಲಿ ಏಳು ಮಂದಿ ರಾಮವ್ವಂದಿರು. ಒಬ್ಬಳಿಗೆ ಕಣ್ಣು ಕಾಣದು. ಇನ್ನೊಬ್ಬಳು ಮಗಳ ಬಾಣಂತನಕ್ಕೆಂದು ಅಣ್ಣಿಗೇರಿಗೆ ಹೋಗಿ ಮೂರು ತಿಂಗಳು. ಮೂರನೆಯವಳು, “ಪುಸ್ತಕ ಓದಕೋತ ಕುಂದ್ರಾಕ ನಮಗೇನ್ ಕೆಲಸ ಇಲ್ಲೇನ್ರಿ?” ಎಂದು ಅವನನ್ನೇ ಜಬರಿಸಿದಳು. ಉಳಿದ ನಾಲ್ವರೂ ತಲೆಯಲ್ಲಾಡಿಸಿದರು. ಗೂಳಪ್ಪನಿಗೆ ಒಳಗೊಳಗೇ ಖುಷಿ. ತನ್ನ ಸಂಶಯ ಎಂದಾದರೂ ಸುಳ್ಳಾದದ್ದುಂಟೇ!

ಮಧ್ಯಾಹ್ನ ಊಟಕ್ಕೆ ಕೂತು ಹೆಂಡತಿಯ ಮುಂದೆ ಎಲ್ಲವನ್ನೂ ಬಣ್ಣಿಸಿದ. “ಏಳೂ ಮಂದಿ ಬಗ್ಗೆ ವಿಚಾರಿಸೇನಿ. ಅಂಥಾ ರಾಮವ್ವ ಊರಾಗ ಇಲ್ಲ. ನಾಳೆ ಆ ಹುಡುಗಿ ಮ್ಯಾಲೆ ಕಂಪ್ಲೇಂಟ್ ಕೊಡ್ತೀನಿ.”

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಹೆಂಡತಿ ಎದ್ದು, ಜೋಳದ ಚೀಲದ ಹಿಂದಿನಿಂದ ಆರು ಪುಸ್ತಕ ತಂದು ಅವನ ತಾಟಿನ ಪಕ್ಕ ಇಟ್ಟಳು.

“ಎಂಟು ಮಂದಿ ಅದೀವ್ರಿ,” ಎಂದಳು. “ಆ ಹುಡುಗೀನ ನನಗ ಅಕ್ಷರ ಕಲಿಸ್ಯಾಳ. ಪೂರಾ ಓದಾಕ ಬಂದ ಮ್ಯಾಲೆ ನಿಮಗ ಹೇಳೂಣು ಅಂತಿದ್ದೆ.”

ಗೂಳಪ್ಪ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟ. ಇಪ್ಪತ್ತೆರಡು ವರ್ಷ ‘ಏನಬೇ’ ಎಂದೇ ಕರೆದವನಿಗೆ ಮನೆಯವಳ ಹೆಸರು ಲೆಕ್ಕಕ್ಕೇ ಬಂದಿರಲಿಲ್ಲ. ಅವನಿಗೆ ವಿಪರೀತ ನಾಚಿಕೆಯಾಯಿತು.

“ಮತ್ತ ಗಂಡನ ಹೆಸರು ಯಾಕ ಬಿಟ್ಟಿ?”

“ನಿಮ್ಮ ಹೆಸರು ನಾ ಹೆಂಗ ಬಾಯಿಲೆ ಹೇಳ್ಲಿ?” ರಾಮವ್ವ ವಹಿಯನ್ನು ಹತ್ತಿರ ಎಳೆದುಕೊಂಡಳು. “ಬರದ್ರ ನಡೀತದೇನೋ. ಪೆನ್ ಕೊಡ್ರಿ.”

ಹಿಟ್ಟಿನ ಕೈಯಲ್ಲೇ ಖಾಲಿ ಜಾಗದಲ್ಲಿ ಬರೆದಳು: ‘ಗುಳಪ’.

ದೀರ್ಘವೂ ಇಲ್ಲ, ಒತ್ತೂ ಇಲ್ಲ. ಗೂಳಪ್ಪ ತಿದ್ದಲಿಲ್ಲ. ಕೈ ತೊಳೆದುಕೊಂಡು, ವಹಿ ಹಿಡಿದು, ಆ ಬಿಸಿಲಲ್ಲೇ ರೂಬಿನಾಳ ಮನೆಗೆ ಹೊರಟ.