ಎಡಗಡೆಯ ಬೆಸುಗೆ

ಟಿಣ್.

ಹಗಲೆಲ್ಲ ಬಿಸಿಲು ಕುಡಿದ ಜೀಪಿನ ಬಾನೆಟ್ಟು ತಣ್ಣಗಾಗುವಾಗ, ರಾತ್ರಿ ಬಹಳ ಹೊತ್ತಿನ ಮೇಲೆ, ಹೀಗೆ ಒಮ್ಮೆ ಸದ್ದು ಮಾಡುತ್ತಿತ್ತು. ಆ ಸದ್ದಿಗೆ ದೇವಕಮ್ಮ ಎದ್ದು ಕೂರುತ್ತಿದ್ದಳು. ಕಳ್ಳರಲ್ಲ, ನಾಯಿಯಲ್ಲ ಎಂದು ಗೊತ್ತಿದ್ದರೂ ಚಿಲಕವನ್ನು ಇನ್ನೊಮ್ಮೆ ಮುಟ್ಟಿ ನೋಡಿ ಮಲಗುವಳು. ಗಂಡ ಮಹಾದೇವಪ್ಪ ತೀರಿಕೊಂಡ ಮೇಲೆ ಭೀಮರಾಯನಗುಡಿಯ ಆ ಕ್ವಾರ್ಟರ್ಸಿನಲ್ಲಿ ಅವಳಿಗೆ ಉತ್ತರ ಕೊಡುವಂಥದ್ದು ಆ ಜೀಪೊಂದೇ.

ಈಗ ಅದನ್ನೂ ಬಿಡಬೇಕಿತ್ತು. ಲೈಬ್ರರಿ ಕೆಲಸದಿಂದ ನಿವೃತ್ತಿ ಹತ್ತಿರವಾಗಿತ್ತು. ಆಮೇಲೆ ಸುರಪುರದಲ್ಲಿ ಅತ್ತೆಯ ಮನೆ. ಆ ಓಣಿಯೊಳಗೆ ಸೈಕಲ್ಲೇ ಕಷ್ಟಪಟ್ಟು ಹೋಗುತ್ತದೆ. ಹಳೆ ಗಾಡಿಗಳನ್ನು ಕೊಳ್ಳುವ ಹೈದರಾಬಾದಿನ ಅಬ್ದುಲ್ ಕರೀಮ ಫೋನಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ್ದ. ಒಂದೇ ಷರತ್ತು: ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆದು ಕಳಿಸಬೇಕು. ಸ್ಟೇರಿಂಗ್ ಮುಂದಿನ ತಗಡಿನ ಪಟ್ಟಿಯದಲ್ಲ, ಅದನ್ನು ಯಾರು ಬೇಕಾದರೂ ಬಿಚ್ಚಿ ಇನ್ನೊಂದಕ್ಕೆ ಹಚ್ಚಬಹುದು. ಕೆಳಗೆ ಕಬ್ಬಿಣದ ಮೇಲೇ ಕೊರೆದದ್ದು ಬೇಕು, ಅಪಘಾತವಾದ ಗಾಡಿಯಾದ್ದರಿಂದ ಇಷ್ಟು ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ ಎಂದಿದ್ದ.

ಅಪಘಾತವಾಗಿದ್ದು ನಿಜ. ಮಹಾದೇವಪ್ಪ ಕಾಲುವೆಯ ಸಣ್ಣ ಗುತ್ತೇದಾರ. ಕಾಲುವೆ ಕೆಲಸದ ಸರ್ಕಾರಿ ಕ್ಯಾಂಪಿನ ಜೀಪುಗಳ ಹರಾಜಿನಲ್ಲಿ ಇದನ್ನು ಹಿಡಿದಿದ್ದ. ಮದುವೆಯಾದ ಹೊಸತು. ಕಾಲುವೆಯ ದಂಡೆಯ ಮೇಲೆ ಭತ್ತ ಹೇರಿದ ಟ್ರಾಕ್ಟರು ಎಡಕ್ಕೆ ಗುದ್ದಿತು. ಎಡಕ್ಕೆ ಕೂತವಳು ಅವಳು. ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ, ಮುಂದೆಯೂ ಆಗಲಿಲ್ಲ. ಕಲಬುರಗಿಯ ದವಾಖಾನೆಯಿಂದ ಅವಳು ತಿರುಗಿ ಬಂದಾಗ ಜೀಪು ಅಂಗಳದಲ್ಲಿ ನಿಂತಿತ್ತು. ‘ನೋಡು, ಗುರುತು ಸಿಗಾಂಗಿಲ್ಲ. ಎಲ್ಲಾ ರಿಪೇರಿ ಆಗ್ತದ’ ಎಂದಿದ್ದ ಮಹಾದೇವಪ್ಪ. ಅವಳು ಎಡಬದಿಯ ತಗಡಿನ ಮೇಲೆ ಅಂಗೈ ಆಡಿಸಿದ್ದಳು. ಎಲ್ಲಿಯೂ ತಗ್ಗಿಲ್ಲ. ಆಮೇಲೆ ಎದೆ ಭಾರವಾದಾಗಲೆಲ್ಲ ಹಾಗೆ ಅಂಗೈ ಆಡಿಸುವುದು ರೂಢಿಯಾಯಿತು. ಅಷ್ಟು ಮುರಿದದ್ದು ಇಷ್ಟು ಸರಿಯಾಗಬಹುದು ಎಂಬುದಕ್ಕೆ ಅವಳ ಹತ್ತಿರ ಇದ್ದ ಸಾಕ್ಷಿ ಅದೊಂದೇ.

ಭಾನುವಾರ ಬೆಳಿಗ್ಗೆ ಸೀಮೆಎಣ್ಣೆ, ಚಿಂದಿ, ಪೆನ್ಸಿಲು ಹಿಡಿದು ಬಲಗಾಲಿಯ ಹತ್ತಿರ ಕುಂತಳು. ನಂಬರು ಕುಂಕುಮದೊಳಗೆ ಹೂತುಹೋಗಿತ್ತು. ಅತ್ತೆ ಮರಿಲಿಂಗಮ್ಮ ಪ್ರತಿ ಅಮಾವಾಸ್ಯೆಗೆ ಸುರಪುರದಿಂದ ಬಸ್ಸಿಗೆ ಬಂದು ಮಗನ ಜೀಪಿಗೆ ಕಾಯಿ ಒಡೆದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಅಲ್ಲಿಯೇ ಮೆತ್ತುತ್ತಿದ್ದಳು. ನಂಬರೇ ಗಾಡಿಯ ಹಣೆ ಎಂದು ಮಗ ಯಾವಾಗಲೋ ನಗುತ್ತ ಹೇಳಿದ್ದನಂತೆ. ವರ್ಷಗಳ ಹೊರೆ ಹಕ್ಕಳೆಹಕ್ಕಳೆಯಾಗಿ ಉದುರಿತು. ದೇವಕಮ್ಮ ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲ್ ಮಲಗಿಸಿ ಉಜ್ಜಿದಳು. ಅಂಕಿಗಳು ಬೆಳ್ಳಗೆ ಎದ್ದವು.

ತಗಡಿನ ಪಟ್ಟಿಯ ನಂಬರೇ ಬೇರೆ, ಇದೇ ಬೇರೆ.

ತನ್ನದೇ ತಪ್ಪಿರಬೇಕೆಂದು ಇನ್ನೊಂದು ಅಚ್ಚು ತೆಗೆದಳು. ಅದೇ ಬಂತು. ಆಗ ಬೆರಳಿಗೆ ಉಬ್ಬು ತಾಗಿತು. ನಂಬರಿನ ಹಿಂದೆಯೇ ಹಳೆಯ ಬೆಸುಗೆ, ಹುಣಿಸೆಕಾಯಿಯಷ್ಟು ದಪ್ಪ. ಬಲಗಡೆ. ಎದ್ದು ಎಡಗಡೆಗೆ ಹೋಗಿ ಅಂಗಾತ ಮಲಗಿ ನೋಡಿದಳು. ಅಲ್ಲಿ ಕಬ್ಬಿಣ ಕಾರ್ಖಾನೆಯಿಂದ ಬಂದ ಹಾಗೆಯೇ ಇತ್ತು. ಯಾರೂ ಅದನ್ನು ರಿಪೇರಿ ಮಾಡಿರಲಿಲ್ಲ. ಅದು ಮುರಿದೇ ಇರಲಿಲ್ಲ.

ಮಧ್ಯಾಹ್ನ ಶಹಾಪುರಕ್ಕೆ ಹೋದಳು. ಅಪಘಾತದ ನಂತರ ಜೀಪು ರಿಪೇರಿ ಮಾಡಿದ್ದ ಮಿಸ್ತ್ರಿ ಮೌಲಾಲಿಗೆ ಈಗ ವಯಸ್ಸಾಗಿದೆ. ಶೆಡ್ಡಿನ ನೆರಳಿನಲ್ಲಿ ಕುಂತು ಮಕ್ಕಳ ಕೆಲಸಕ್ಕೆ ಹೆಸರಿಡುವುದೇ ಅವನ ಕೆಲಸ. ಕಾಗದವನ್ನು ಅವನ ಮುಂದೆ ಬಿಚ್ಚಿದಳು. ಅವನು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ.

“ನಿಮ್ಮ ಜೀಪ್ ರಿಪೇರಿ ಆಗಾಂಗ ಇರಲಿಲ್ರಿ ಅಕ್ಕಾರೆ,” ಎಂದ. “ಗುತ್ತೇದಾರ್ರು ಇಲ್ಲೇ ನೆಲಕ್ಕ ಕುಂತು ಅತ್ತರು. ಆಕಿ ದವಾಖಾನಿಯಿಂದ ಬರೂದ್ರಾಗ ಜೀಪ್ ಅಂಗಳದಾಗ ನಿಂತಿರಬೇಕು ಅಂದ್ರು. ಅದs ಹರಾಜಿಂದು, ಅದs ಬಣ್ಣದ್ದು ನಂದೊಂದಿತ್ತು. ಅದಕ್ಕೂ ಹಿಂದ ಬಲಕ್ಕ ಪೆಟ್ಟು ಬಿದ್ದಿತ್ತು, ನಾನs ಬೆಸದಿದ್ದೆ. ನಿಮ್ಮ ಸೀಟು, ಸ್ಟೇರಿಂಗು, ನಂಬರಿನ ಪಟ್ಟಿ ತಗದು ಅದಕ್ಕ ಹಾಕಿದೆ.”

“ಕೆಳಗಿನ ನಂಬರು?”

“ಅದನ್ಯಾರು ಬಗ್ಗಿ ನೋಡ್ತಾರ್ರೀ. ಅಮ್ಮಾರ ಕುಂಕುಮ ಇತ್ತಲ್ಲ.”

ನಗಿಸಲು ಹೇಳಿದ್ದೇನೋ, ಅವಳ ಮುಖ ನೋಡಿ ಅವನೇ ತಲೆ ತಗ್ಗಿಸಿದ.

“ನಮ್ಮದು ಎಲ್ಲಿ ಹೋಯಿತು?”

ಬಿಚ್ಚಿ ಮಾರಿದೆ ಎಂದ. ಆಮೇಲೆ, ಹೇಳಬೇಕೋ ಬಾರದೋ ಎಂದು ತಡವರಿಸಿ, ಶೆಡ್ಡಿನ ಹಿಂಬದಿಗೆ ಕೈ ಮಾಡಿದ. ಅಲ್ಲಿ ಆಡು ನುಗ್ಗದಂತೆ ಗೋಡೆಯ ಕಿಂಡಿಗೆ ತಗಡೊಂದನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಜೀಪಿನ ಎಡಬದಿ. ನಡುವೆ ಮಗು ಕೂರುವಷ್ಟು ತಗ್ಗು. ತುಕ್ಕಿನ ಅಡಿಯಲ್ಲಿ ಅಲ್ಲಲ್ಲಿ ಹಸಿರು ಬಣ್ಣ ಉಳಿದಿತ್ತು.

ದೇವಕಮ್ಮ ಆ ತಗ್ಗಿನೊಳಗೆ ಅಂಗೈ ಇಟ್ಟಳು. ಬಿಸಿಲಿಗೆ ಕಾದಿತ್ತು. ಇಷ್ಟು ವರ್ಷ ತಾನು ಅಂಗೈ ಆಡಿಸುವಾಗಲೆಲ್ಲ ಪಕ್ಕದಲ್ಲಿ ನಿಂತು ಮಹಾದೇವಪ್ಪ ಏನು ನೋಡುತ್ತಿದ್ದನೋ, ಹೇಗೆ ನುಂಗಿಕೊಂಡನೋ. ಸಿಟ್ಟು ಬರಬಹುದೆಂದು ಕಾದಳು. ಬರಲಿಲ್ಲ.

ಕ್ವಾರ್ಟರ್ಸ್ ಬಿಟ್ಟ ಮೇಲೆ ಜೀಪು ಇಲ್ಲಿ ನಿಲ್ಲಬಹುದೇ ಎಂದಷ್ಟೇ ಕೇಳಿದಳು. ಮೌಲಾಲಿ ಹೂಂ ಎಂದ. ಬಸ್ಸಿನಲ್ಲಿ ಕುಂತು ಕರೀಮನಿಗೆ ಫೋನು ಮಾಡಿ, ಕೊಡುವ ಮನಸ್ಸಿಲ್ಲ, ಕ್ಷಮಿಸಬೇಕು ಎಂದಳು.

ಅಮಾವಾಸ್ಯೆಯ ದಿನ ಮರಿಲಿಂಗಮ್ಮ ಚೀಲದಲ್ಲಿ ಕಾಯಿ ಹಿಡಿದು ಇಳಿದಳು. ಜೀಪಿನ ಸುತ್ತ ಒಂದು ಸುತ್ತು ಬಂದು ಬಲಗಾಲಿಯ ಹತ್ತಿರ ಬಗ್ಗಿದಳು.

“ಎಷ್ಟ್ ತಿಕ್ಕಿ ತೊಳದೀಯವ್ವಾ. ನನ್ನ ಮಗ ಇದ್ದಾಗ ಒಂದ್ ದಿನ ಚಿಂದಿ ಹಿಡದಾಕಿ ಅಲ್ಲ ನೀ. ಕೊಳ್ಳಾಂವ ಏನಂದ? ನಂಬರ್ ಕೂಡಿತೋ ಇಲ್ಲೋ?”

ದೇವಕಮ್ಮ ಬಟ್ಟಲಿನಲ್ಲಿ ಎಣ್ಣೆ ಹನಿಸಿ ಕುಂಕುಮ ಕಲಸುತ್ತಿದ್ದಳು.

“ಕೂಡೇದ, ಅತ್ತಿ. ನನಗs ಕೊಡೂ ಮನಸಾಗಲಿಲ್ಲ.”

ಮುದುಕಿಗೆ ಕೈ ಕೊಟ್ಟು ಎಬ್ಬಿಸಿ, ತಾನೇ ಕುಂತು ಬೆರಳಿನಿಂದ ಒಂದೊಂದು ಅಂಕಿಯ ಗೆರೆಯನ್ನೂ ತುಂಬಿದಳು, ಓದಲು ಬಾರದಷ್ಟು ದಪ್ಪಗೆ. ಆತ ಕೊನೆಯ ತನಕ ಯಾರಿಗೂ ಹೇಳಲಿಲ್ಲ. ತಾನೂ ಹೇಳುವುದಿಲ್ಲ.